ಕ್ಲಿಯರೆನ್ಸ್ ಸಿಕ್ಕಿತೆ, ಇಲ್ಲವೆ? ಆರ್‌ಟಿ ಕ್ಲಾಸಿನ ನೆನಪು

ನಮ್ಮ ಗ್ರೌಂಡ್ ಸ್ಕೂಲಿನಲ್ಲಿ ನ್ಯಾವಿಗೇಶನ್‌ಗೂ ಹವಾಮಾನಕ್ಕೂ ದಪ್ಪ ದಪ್ಪ ಪುಸ್ತಕಗಳಿದ್ದವು. ರೇಡಿಯೋ ಟೆಲಿಫೋನಿಗೆ (ಆರ್‌ಟಿ, ಅಂದರೆ ವಿಮಾನದಿಂದ ರೇಡಿಯೋದಲ್ಲಿ ಮಾತಾಡುವ ಕ್ರಮಕ್ಕೆ) ಮಾತ್ರ ಮೇಷ್ಟ್ರ ಬಾಯಿಯೇ ಪುಸ್ತಕ. ರೇಡಿಯೋ ಬಳಸುವ ಲೈಸೆನ್ಸಿನ ಆರ್‌ಟಿಆರ್ ಪರೀಕ್ಷೆಗೆ ಬೇಕಾದದ್ದನ್ನು ಅವರು ಬೇಗ ಮುಗಿಸಿಬಿಡುತ್ತಿದ್ದರು. ಉಳಿದ ಹೊತ್ತೆಲ್ಲ ಒಂದೇ ಪ್ರಶ್ನೆಗೆ ಮೀಸಲು: ಐಎಫ್‌ಆರ್ (ಉಪಕರಣಗಳನ್ನು ನಂಬಿ ಹಾರುವ) ಹಾರಾಟಕ್ಕೆ ಕ್ಲಿಯರೆನ್ಸ್, ಅಂದರೆ ಇಂಥ ದಾರಿಯಲ್ಲಿ ಇಂಥ ಎತ್ತರದಲ್ಲಿ ಹೋಗಬಹುದೆಂಬ ಒಪ್ಪಿಗೆ, ಸಿಕ್ಕಿತು ಎಂದು ಯಾವಾಗ ಹೇಳಬಹುದು?

ಫ್ಲೈಟ್ ಪ್ಲಾನ್ ಹಾಕಿದ್ದೇವೆ, ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ನಂಬರ್ ಬಂದಿದೆ, ಎಡಿಸಿ ನಂಬರೂ ಬಂದಿದೆ, ಇನ್ನೇನು ಸಾರ್ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು. ಮೇಷ್ಟ್ರ ಉತ್ತರ: ಪ್ಲಾನ್ ನಾವು ಹಾಕಿದ ಅರ್ಜಿ, ಅಷ್ಟೆ. ಎಡಿಸಿ ವಾಯುರಕ್ಷಣೆಯವರ ಒಪ್ಪಿಗೆ. ಆಕಾಶದಲ್ಲಿ ಹೋಗುತ್ತಿರುವುದು ಯಾರೆಂದು ಅವರಿಗೆ ತಿಳಿದಿರಲಿ ಎಂದು. ಬೇರೆ ವಿಮಾನಗಳಿಂದ ನಮ್ಮನ್ನು ದೂರ ಇಡುವ ಹೊಣೆ ಎಟಿಸಿಯದು, ಅಂದರೆ ವಿಮಾನ ಸಂಚಾರ ನಿಯಂತ್ರಣದವರದು. ಅವರು ನಮ್ಮ ಕಾಲ್‌ಸೈನ್ (ರೇಡಿಯೋದಲ್ಲಿ ವಿಮಾನದ ಹೆಸರು) ಹೇಳಿ ಕೊಟ್ಟದ್ದು ಮಾತ್ರ ಕ್ಲಿಯರೆನ್ಸ್. ಅದೂ ಪ್ಲಾನಿಗೆ ಜೀವ ಇದ್ದರೆ: ಹೊರಡುವ ಸಮಯ 30 ನಿಮಿಷಕ್ಕಿಂತ ಹೆಚ್ಚು ತಡವಾದರೆ ಡಿಲೇ (ತಡವೆಂಬ ಸಂದೇಶ) ಕಳಿಸಬೇಕು, ಇಲ್ಲವೆ ಹೊಸ ಪ್ಲಾನ್ ಹಾಕಬೇಕು.

ಬೋರ್ಡಿನ ಎಡಗಡೆ ಸಿ, ಆರ್, ಎ, ಎಫ್, ಟಿ ಎಂದು ಒಂದರ ಕೆಳಗೊಂದು ಬರೆದು, ಮಾಮೂಲು ವೇಗದಲ್ಲಿ ಒಂದು ಕ್ಲಿಯರೆನ್ಸ್ ಓದುತ್ತಿದ್ದರು. ನಾವು ಬರೆದುಕೊಳ್ಳಬೇಕು. ಸಿ ಎಂದರೆ ಲಿಮಿಟ್, ಎಲ್ಲಿಯವರೆಗೆ ಎಂಬುದು. ಹೆಚ್ಚಿನ ಸಲ ಅದು ಇಳಿಯುವ ಏರ್‌ಪೋರ್ಟೇ. ನಡುದಾರಿಯ ಒಂದು ಫಿಕ್ಸ್ (ಚಾರ್ಟಿನಲ್ಲಿ ಗುರುತಿಸಿದ ಬಿಂದು) ಆದರೆ, ಮುಂದಿನ ಕ್ಲಿಯರೆನ್ಸ್ ಬರದಿದ್ದಲ್ಲಿ ಅಲ್ಲಿಯೇ ಹೋಲ್ಡ್, ಅಂದರೆ ಸುತ್ತುತ್ತ ಕಾಯುವುದು. ಆರ್ ಮಾರ್ಗ. ಎ ಎತ್ತರ. ಎಫ್ ಡಿಪಾರ್ಚರ್ ಫ್ರೀಕ್ವೆನ್ಸಿ. ಟಿ ಟ್ರಾನ್ಸ್‌ಪಾಂಡರ್ (ರಾಡಾರಿಗೆ ನಮ್ಮ ಗುರುತು ತಿಳಿಸುವ ಉಪಕರಣ) ಕೋಡ್. ನಾಲ್ಕು ಅಂಕಿ, ಒಂದೊಂದೂ 0ಯಿಂದ 7ರೊಳಗೆ. ನಿಮ್ಮ ಕಾಗದದಲ್ಲಿ 8 ಅಥವಾ 9 ಕಂಡರೆ ಕಿವಿ ತಪ್ಪಿದೆ ಎಂದೇ ಅರ್ಥ, ಮತ್ತೆ ಕೇಳಿ.

ಎಡವುತ್ತಿದ್ದುದು ಎ ಸಾಲಿನಲ್ಲಿ. ‘ಕ್ಲೈಂಬ್ 5000 ಅಡಿ, ಹತ್ತು ನಿಮಿಷದ ನಂತರ ಫ್ಲೈಟ್ ಲೆವೆಲ್ 110 (ಸುಮಾರು 11,000 ಅಡಿ) ಎಕ್ಸ್‌ಪೆಕ್ಟ್ ಮಾಡಿ’ ಎಂದರೆ ಕೈಗೆ ಸಿಕ್ಕಿದ್ದು 5000 ಮಾತ್ರ. 110 ಅನ್ನು ಕಂಸದಲ್ಲಿ ಬರೆಯಿರಿ ಎನ್ನುತ್ತಿದ್ದರು. ಅಮೆರಿಕದ ನಿಯಮದಲ್ಲಿ ಆ ಕಂಸದ ಅಂಕಿ ಕೆಲಸಕ್ಕೆ ಬರುವುದು ರೇಡಿಯೋ ಪೂರ್ತಿ ಕೆಟ್ಟಾಗ. ಅಲ್ಲಿಯವರೆಗೆ ಅದು ಬರೀ ಮುನ್ಸೂಚನೆ.

ಬರೆದಾದ ಮೇಲೆ ರೀಡ್‌ಬ್ಯಾಕ್. ‘ರಾಜರ್’ ಎಂದರೆ ಕೇಳಿಸಿತು ಎಂದಷ್ಟೇ. ಅದು ರೀಡ್‌ಬ್ಯಾಕ್ ಅಲ್ಲ. ಮಾರ್ಗ, ಲೆವೆಲ್, ಕೋಡ್, ಆಲ್ಟಿಮೀಟರ್ (ಎತ್ತರ ತೋರಿಸುವ ಮೀಟರ್) ಸೆಟ್ಟಿಂಗ್, ರನ್‌ವೇ ಇವನ್ನೆಲ್ಲ ಕೊಟ್ಟಂತೆಯೇ ಕಾಲ್‌ಸೈನ್ ಸಮೇತ ತಿರುಗಿ ಒಪ್ಪಿಸಬೇಕು, ಕಂಟ್ರೋಲರ್ ಕಿವಿಗೊಟ್ಟು ತಪ್ಪಿದ್ದರೆ ತಿದ್ದಬೇಕು. ಆ ಕಡೆಯಿಂದ ಸದ್ದಿಲ್ಲದಿದ್ದರೆ ಒಪ್ಪಿದರು ಎಂದು ಎಣಿಸುವಂತಿಲ್ಲ. ನಿಮ್ಮ ಮಾತಿನ ಮೇಲೆ ಇನ್ನೊಬ್ಬರು ಮೈಕ್ ಬಟನ್ ಪ್ರೆಸ್ ಮಾಡಿರಬಹುದು.

ಇಲ್ಲಿಗೆ ಬಂದಾಗ ಮೇಷ್ಟ್ರು ಹೇಳುತ್ತಿದ್ದುದು ಸ್ಪೇನಿನ ಟೆನೆರೀಫ್ ದ್ವೀಪದ ಕಥೆ. 1977ರ ಮಾರ್ಚ್ 27, ಮಂಜು ಕವಿದ ರನ್‌ವೇಯ ತುದಿಯಲ್ಲಿ ಕೆಎಲ್‌ಎಂ 747. ಟವರ್ ಕೊಟ್ಟದ್ದು ರೂಟ್ ಕ್ಲಿಯರೆನ್ಸ್: ಪಾಪಾ ಎಂಬ ರೇಡಿಯೋ ಬೀಕನ್‌ವರೆಗೆ, ಫ್ಲೈಟ್ ಲೆವೆಲ್ 90, ಟೇಕ್‌ಆಫ್ ನಂತರ ಬಲಕ್ಕೆ. ಲಿಮಿಟ್, ಮಾರ್ಗ, ಎತ್ತರ ಎಲ್ಲವೂ ಇದ್ದ ಸರಿಯಾದ ಕ್ಲಿಯರೆನ್ಸೇ. ಇಲ್ಲದ್ದು ಹೊರಡುವ ಅನುಮತಿ ಒಂದೇ. ಆದರೆ ಆ ‘ಟೇಕ್‌ಆಫ್’ ಪದ ಅದರೊಳಗೇ ಇತ್ತು. ಕೋ-ಪೈಲಟ್ ರೀಡ್‌ಬ್ಯಾಕ್ ಮುಗಿಸುವ ಮೊದಲೇ ವಿಮಾನ ಉರುಳತೊಡಗಿತ್ತು. ಟವರ್ ‘ಸ್ಟ್ಯಾಂಡ್ ಬೈ’ ಎಂದದ್ದೂ, ಅದೇ ರನ್‌ವೇ ಮೇಲಿದ್ದ ಪ್ಯಾನ್ ಆ್ಯಮ್‌ನವರು ತಾವಿನ್ನೂ ಇಲ್ಲೇ ಇದ್ದೇವೆ ಎಂದದ್ದೂ ಏಕಕಾಲಕ್ಕೆ ಬಂದು ಕೀರಲು ಸದ್ದಿನಲ್ಲಿ ಕಲಸಿಹೋದವು. 583 ಜನ ಸತ್ತರು. ಆ ಮೇಲೆ ‘ಟೇಕ್‌ಆಫ್’ ಪದವನ್ನು ಅನುಮತಿ ಕೊಡುವಾಗ, ರದ್ದು ಮಾಡುವಾಗ ಮಾತ್ರ ಬಳಸಬೇಕು, ಉಳಿದೆಡೆ ‘ಡಿಪಾರ್ಚರ್’ ಎಂದಾಯಿತು.

ಕ್ಲಿಯರೆನ್ಸ್ ಹಳಸುವುದೂ ಉಂಟು. ಮುಂದೆ ಅಮೆರಿಕಕ್ಕೆ ತರಬೇತಿಗೆ ಹೋದ ನಮ್ಮ ಶಾಲೆಯವರಿಗೆ ಈ ಪಾಠ ಉಪಯೋಗಕ್ಕೆ ಬಂದಿರಬೇಕು. ಟವರ್ ಇಲ್ಲದ ಅಲ್ಲಿನ ಸಣ್ಣ ಏರ್‌ಪೋರ್ಟುಗಳಲ್ಲಿ ಕ್ಲಿಯರೆನ್ಸ್ ಫೋನಿನಲ್ಲಿ ಸಿಗುತ್ತದೆ, ಜೊತೆಗೆ ವಾಯ್ಡ್ ಟೈಮ್, ಅಂದರೆ ಆ ಕ್ಲಿಯರೆನ್ಸ್ ರದ್ದಾಗುವ ಹೊತ್ತು. 10:15 ಎಂದಿದ್ದರೆ ಸರಿಯಾಗಿ 10:15ಕ್ಕೆ ಎದ್ದರೂ ತಡವೇ. ಅದಕ್ಕೆ ಮುಂಚೆ ಗಾಳಿಯಲ್ಲಿರಬೇಕು. ಹೋಗಲಾಗದಿದ್ದರೆ 30 ನಿಮಿಷದೊಳಗೆ ತಿಳಿಸಬೇಕು. ಇಲ್ಲದಿದ್ದರೆ ನಾವು ಹ್ಯಾಂಗರ್ ಹಿಂದೆ ಕಾಫಿ ಕುಡಿಯುತ್ತಿರುವಾಗ ಅವರು ನಮಗಾಗಿ ಆಕಾಶ ಖಾಲಿ ಇಟ್ಟುಕೊಂಡು, ಕೊನೆಗೆ ಹುಡುಕಾಟಕ್ಕೂ ಹೊರಡುತ್ತಾರೆ.

ಸಿಕ್ಕ ಕ್ಲಿಯರೆನ್ಸ್ ಬೆಟ್ಟದಿಂದ ಕಾಪಾಡುತ್ತದೆಂಬ ನಂಬಿಕೆಯನ್ನು ಮೇಷ್ಟ್ರು ಕೊನೆಯ ವಾರಗಳಲ್ಲಿ ಒಡೆಯುತ್ತಿದ್ದರು. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ ಡಲ್ಲೆಸ್‌ಗೆ ಇಳಿಯಬೇಕಿದ್ದ ಟಿಡಬ್ಲ್ಯೂಎ 514ಕ್ಕೆ ಇನ್ನೂ 44 ಮೈಲಿ ದೂರದಲ್ಲೇ ಅಪ್ರೋಚ್ ಕ್ಲಿಯರೆನ್ಸ್ (ಇಳಿಯಲು ರನ್‌ವೇ ಕಡೆಗೆ ಬರುವ ಅನುಮತಿ) ಸಿಕ್ಕಿತು. ಹಾಗಾದರೆ 1800 ಅಡಿಗೆ ಇಳಿಯಬಹುದು ಎಂದು ಸಿಬ್ಬಂದಿ ಲೆಕ್ಕ ಹಾಕಿದರು. ನಡುವೆ ಮೌಂಟ್ ವೆದರ್ ಇತ್ತು. 92 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಈಗಿನ ನಿಯಮ ಸ್ಪಷ್ಟ: ಅಪ್ರೋಚ್ ಕ್ಲಿಯರೆನ್ಸ್ ಬಂದರೂ, ಚಾರ್ಟಿನಲ್ಲಿ ಅಚ್ಚಾದ ಮಾರ್ಗದ ಮೇಲೆ ಬರುವವರೆಗೆ ಕೊನೆಗೆ ಕೊಟ್ಟ ಎತ್ತರವನ್ನು ಬಿಡುವಂತಿಲ್ಲ. ಕೊಟ್ಟ ಎತ್ತರ ಚಾರ್ಟಿನ ಕನಿಷ್ಠಕ್ಕಿಂತ ಕೆಳಗಿದೆ ಅನ್ನಿಸಿದರೆ ‘ಅನೇಬಲ್’ (ಆಗುವುದಿಲ್ಲ) ಎಂದು ಹೇಳಿ, ಕಾರಣ ಕೊಟ್ಟು, ಬೇರೆ ಕ್ಲಿಯರೆನ್ಸ್ ಕೇಳಬೇಕು.