ಸ್ಯಾಂಕ್ಷನ್ ಆಗಿದೆ ಅಂದ್ರೆ ಏನರ್ಥ?

ಎಂಟು ವರ್ಷ ನಾನು ಹಾಸನದ ಕಡೆಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡಿಕೊಳ್ಳುತ್ತಿದ್ದೆ. ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತಿದ್ದ ಮಾತು ಒಂದೇ. "ಸಾರ್, ಲೋನ್ ಸ್ಯಾಂಕ್ಷನ್ ಆಯ್ತಾ?" ಆಯ್ತು ಅಂದರೆ ಎದುರಿಗಿದ್ದವರ ಮುಖ ಅರಳುತ್ತಿತ್ತು. ಮಾರನೇ ದಿನ ಬಾಳೆಗೊನೆ ಹೊತ್ತು ತಂದವರೂ ಇದ್ದಾರೆ. ಹಾಗಾಗಿ ನನ್ನ ಲೆಕ್ಕದಲ್ಲಿ ಸ್ಯಾಂಕ್ಷನ್ ಅಂದರೆ ಒಳ್ಳೇ ಸುದ್ದಿ, ಅಷ್ಟೇ.

ಆಮೇಲೆ ಬೆಂಗಳೂರಿಗೆ ಬಂದೆ. ಒಂದು ವಿದೇಶಿ ಬ್ಯಾಂಕಿನ ಬ್ಯಾಕ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ದೇಶದಿಂದ ದೇಶಕ್ಕೆ ಹೋಗುವ ಹಣದ ಮೆಸೇಜುಗಳನ್ನು ನೋಡುವುದು ನಮ್ಮ ಕೆಲಸ. ಕಳಿಸುವವರ ಹೆಸರು, ಪಡೆಯುವವರ ಹೆಸರು, ಕೆಲವೊಮ್ಮೆ ಸರಕು ಹೊತ್ತ ಹಡಗಿನ ಹೆಸರು. ಇವುಗಳಲ್ಲಿ ಯಾವುದಾದರೂ, ವ್ಯವಹಾರ ಮಾಡಬಾರದವರ ಪಟ್ಟಿಯಲ್ಲಿರುವ ಹೆಸರನ್ನು ಹೋಲುತ್ತಿದ್ದರೆ ಸಿಸ್ಟಂ ಅಲರ್ಟ್ ಎಬ್ಬಿಸುತ್ತದೆ. ಪರಿಶೀಲಿಸಿ ಬಿಡಬೇಕು, ಇಲ್ಲವೇ ತಡೆಯಬೇಕು.

ಸೇರಿ ಎರಡನೇ ವಾರ. ಒಂದು ಅಲರ್ಟ್ ತೆರೆದೆ. ಬೇರೆ ದೇಶದ ಆಫೀಸಿನವರು ಕೆಳಗೆ ಒಂದು ಸಾಲು ಬರೆದಿದ್ದರು: 'ಬೆನಿಫಿಷಿಯರಿ ಈಸ್ ಸ್ಯಾಂಕ್ಷನ್ಡ್.' ಸರಿ, ಮಂಜೂರಾಗಿದೆಯಲ್ಲ ಅಂದುಕೊಂಡು ರಿಲೀಸ್ ಒತ್ತಿದೆ. ಪುಣ್ಯಕ್ಕೆ ಒಬ್ಬರು ಒತ್ತಿದರೆ ದುಡ್ಡು ಹೋಗುವುದಿಲ್ಲ. ಮೇಕರ್ ಮಾಡಿದ್ದನ್ನು ಚೆಕರ್ ನೋಡಬೇಕು. ಐದು ನಿಮಿಷದಲ್ಲಿ ಚೆಕರ್ ಮೇಡಂ ಕುರ್ಚಿ ತಿರುಗಿಸಿದರು.

"ಇದನ್ನ ಯಾಕ್ರೀ ಬಿಟ್ರಿ? ಸ್ಯಾಂಕ್ಷನ್ಡ್ ಅಂತ ಬರೆದಿದ್ದಾರಲ್ಲ?"

"ಅದಕ್ಕೇ ಬಿಟ್ಟೆ ಮೇಡಂ."

ಇಬ್ಬರಿಗೂ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಆಫೀಸಿನವರು ಬರೆದ ಸಾಲಿನ ಅರ್ಥ, ಹಣ ಪಡೆಯುವವನು ನಿರ್ಬಂಧದ ಪಟ್ಟಿಯಲ್ಲಿದ್ದಾನೆ, ಒಂದು ಪೈಸೆಯೂ ಹೋಗಕೂಡದು ಅಂತ. ನಾನು ಓದಿದ್ದು ನೇರ ಉಲ್ಟಾ. ಗೊತ್ತಿಲ್ಲದ ಪದವಾಗಿದ್ದರೆ ಡಿಕ್ಷನರಿ ನೋಡುತ್ತಿದ್ದೆ. ಇದು ಎಂಟು ವರ್ಷ ಅನ್ನ ಹಾಕಿದ ಪದ, ಇದಕ್ಕೆ ಯಾರು ಡಿಕ್ಷನರಿ ತೆಗೀತಾರೆ?

ಅವತ್ತು ರಾತ್ರಿ ತೆಗೆದೆ. ಇದರ ಮೂಲ ಲ್ಯಾಟಿನ್. ಪವಿತ್ರವೆಂದು ಸಾರಿ ಕಟ್ಟುಪಾಡು ಮಾಡುವುದಕ್ಕೆ ಅಲ್ಲಿ ಬಳಸುತ್ತಿದ್ದ ಕ್ರಿಯಾಪದದಿಂದ ಇದು ಬಂದಿದೆ. 'ಸೇಂಟ್' ಕೂಡ ಅದೇ ಬೇರಿನದು. ಹಾಗಾಗಿ ಮೊದಲಿಗೆ ಸ್ಯಾಂಕ್ಷನ್ ಅಂದರೆ ಯಾರೂ ಮೀರಬಾರದ ಕಟ್ಟಳೆ. ಗಂಡು ಸಂತಾನ ಇಲ್ಲದಿದ್ದರೆ ಹೆಣ್ಣುಮಕ್ಕಳಿಗೂ ರಾಜ್ಯ ಸಲ್ಲಬೇಕು ಅಂತ ಆಸ್ಟ್ರಿಯಾದ ಆರನೇ ಚಾರ್ಲ್ಸ್ 1713ರಲ್ಲಿ ಹೊರಡಿಸಿದ ಶಾಸನದ ಹೆಸರೇ 'ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್'. ಕಟ್ಟಳೆಯೊಳಗೆ ಇದ್ದವರಿಗೆ ಒಪ್ಪಿಗೆ, ದಾಟಿದವರಿಗೆ ದಂಡ. ಪದ ಎರಡೂ ಕಡೆಗೆ ಕವಲೊಡೆಯಿತು. ನಮ್ಮ ಬ್ಯಾಂಕುಗಳಿಗೆ ಬಂದದ್ದು ಒಪ್ಪಿಗೆಯ ಕವಲು.

ದೇಶಗಳ ಮೇಲೆ ಹೇರುವ ನಿರ್ಬಂಧದ ಅರ್ಥ ಜೋರಾಗಿ ಓಡಾಡಿದ್ದು ಮೊದಲ ಮಹಾಯುದ್ಧದ ನಂತರ, ವಿಶ್ವಸಂಸ್ಥೆಗೂ ಮುಂಚೆ ಇದ್ದ ದೇಶಗಳ ಒಕ್ಕೂಟ ಲೀಗ್ ಆಫ್ ನೇಷನ್ಸ್ ಕಾಲದಲ್ಲಿ. ಇಟಲಿ 1935ರಲ್ಲಿ ಇಥಿಯೋಪಿಯಾದ ಮೇಲೆ ದಾಳಿ ಮಾಡಿದಾಗ ಲೀಗ್ ನಿರ್ಬಂಧ ಹೇರಿತು. ಆದರೆ ಯುದ್ಧಕ್ಕೆ ಜಾಸ್ತಿ ಬೇಕಾದ ಪೆಟ್ರೋಲಿಯಂ ಎಣ್ಣೆಯನ್ನೇ ಅದರಿಂದ ಬಿಟ್ಟಿತ್ತು! 1936ರ ಜುಲೈನಲ್ಲಿ ಆ ನಿರ್ಬಂಧವನ್ನೂ ತೆಗೆದರು.

ಇದು ದೂರದ ಕಥೆ ಅನ್ನಿಸಿದರೆ ಬೆಂಗಳೂರಿನದೇ ಒಂದಿದೆ. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಪರೀಕ್ಷೆಯಾದ ಮೇಲೆ ಅಮೆರಿಕ ಭಾರತದ ಮೇಲೆ ಸ್ಯಾಂಕ್ಷನ್ಸ್ ಹಾಕಿತು. ಆಗ ಹಗುರ ಯುದ್ಧವಿಮಾನ ಎಲ್‌ಸಿಎಯ ಫ್ಲೈಟ್ ಕಂಟ್ರೋಲ್ ಕೆಲಸಕ್ಕೆ ಅಲ್ಲಿಗೆ ಹೋಗಿದ್ದ ನಮ್ಮ ಎಂಜಿನಿಯರುಗಳು ಅರ್ಧದಲ್ಲೇ ವಾಪಸ್ ಬರಬೇಕಾಯಿತು. ಉಳಿದ ಕೆಲಸವನ್ನು ಇಲ್ಲೇ ಮುಗಿಸಿದರು. 2001ರ ಜನವರಿ 4ರಂದು ವಿಮಾನ ಬೆಂಗಳೂರಿನ ಆಕಾಶಕ್ಕೆ ಹಾರಿತು.

ಕನ್ನಡದಲ್ಲಿ ಈ ಗೊಂದಲ ಇಲ್ಲ. ಎರಡು ಅರ್ಥಕ್ಕೆ ಎರಡು ಪದ ಇಟ್ಟುಕೊಂಡಿದ್ದೇವೆ. ಮಂಜೂರು ಮೂಲದಲ್ಲಿ ಅರಬ್ಬಿ, ಪರ್ಷಿಯನ್ ಮೂಲಕ ಬಂದದ್ದು. 'ನಜರು' ಅನ್ನುತ್ತೇವಲ್ಲ, ಅದೇ ಬೇರು. ಮಂಜೂರಾಯಿತು ಅಂದರೆ ದೊಡ್ಡವರ ಕಣ್ಣಿಗೆ ಬಿತ್ತು ಅಂತ. ಸಾಲದ ಫೈಲ್ ಮ್ಯಾನೇಜರ್ ಟೇಬಲ್ಲಿನ ಮೇಲೆ ಎಷ್ಟು ದಿನ ಕೊಳೆಯುತ್ತದೆ ಅಂತ ಬಲ್ಲವರು ಈ ಪದ ಎಷ್ಟು ಸರಿ ಅಂತ ಒಪ್ಪುತ್ತಾರೆ. ಇನ್ನೊಂದು ಅರ್ಥಕ್ಕೆ ಪತ್ರಿಕೆಯವರು ದಿಗ್ಬಂಧನ ಅಂತ ಬರೆಯುತ್ತಾರೆ. ಪಾರಾಯಣಕ್ಕೆ ಮುಂಚೆ ಮಂತ್ರ ಹೇಳುತ್ತಾ ಮೈ ಮುಟ್ಟಿಕೊಳ್ಳುವ ನ್ಯಾಸದ ಕೊನೆಯಲ್ಲಿ 'ಇತಿ ದಿಗ್ಬಂಧಃ' ಅಂತ ಚಿಟಿಕೆ ಹೊಡೆಯುತ್ತಾರಲ್ಲ, ಅದೇ. ಲ್ಯಾಟಿನ್ನಿನದೂ ದೇವರ ಕೋಣೆಯಿಂದ ಹೊರಟ ಪದ, ನಮ್ಮದೂ ಅಲ್ಲಿಂದಲೇ. ನನಗಂತೂ ಖುಷಿಯಾಯಿತು.

ಕೆಲಸದಲ್ಲಿ ಒಂದು ಗುರುತು ಇಟ್ಟುಕೊಂಡಿದ್ದೇನೆ. 'ಸ್ಯಾಂಕ್ಷನ್ಸ್' ಅಂತ ಬಹುವಚನ ಬಂದರೆ ಹೆಚ್ಚುಕಮ್ಮಿ ಯಾವಾಗಲೂ ನಿರ್ಬಂಧ. 'ಸ್ಯಾಂಕ್ಷನ್ ಲೆಟರ್' ಅಂತ ಏಕವಚನ ಇದ್ದರೆ ಒಪ್ಪಿಗೆ. 'ಸ್ಯಾಂಕ್ಷನ್ಡ್' ಅಂತ ಒಂಟಿಯಾಗಿ ನಿಂತಿದ್ದರೆ ಬರೆದವರಿಗೇ ಫೋನ್ ಮಾಡುತ್ತೇನೆ. ನಾನು ಬರೆಯುವಾಗ 'ಪಟ್ಟಿಯಲ್ಲಿದ್ದಾರೆ, ತಡೆಯಿರಿ' ಅಂತಲೇ ಬರೆಯುತ್ತೇನೆ. ನಾಲ್ಕು ಪದ ಜಾಸ್ತಿಯಾದರೂ ಪರವಾಗಿಲ್ಲ.

ಮೊನ್ನೆ ಹಳೇ ಮ್ಯಾನೇಜರ್ ಫೋನ್ ಮಾಡಿದ್ದರು. "ಏನಪ್ಪಾ, ಈಗ ಯಾವ ಸೆಕ್ಷನ್ನು?" ಅಂದರು. "ಸ್ಯಾಂಕ್ಷನ್ಸ್ ಸಾರ್" ಅಂದೆ.

"ಒಳ್ಳೇದಾಯ್ತು ಬಿಡು. ನಮ್ಮ ತಂಗಿ ಮಗಂದೊಂದು ಹೌಸಿಂಗ್ ಲೋನ್ ಇದೆ, ಸ್ವಲ್ಪ ನೋಡು."