ಸಂಘದ ವಂತಿಗೆ ಯಾಕೆ ಕೊಡಬೇಕು?

"ವರ್ಷಕ್ಕೊಮ್ಮೆ ವಂತಿಗೆ ತಗೋತಾರ, ನಾಲ್ಕು ಮಂದಿಗೆ ಸನ್ಮಾನ ಮಾಡ್ತಾರ, ಊಟ ಹಾಕ್ತಾರ, ಮುಗೀತು." ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಫೌಂಡ್ರಿಗಳ (ಕಬ್ಬಿಣ ಕರಗಿಸಿ ಅಚ್ಚಿಗೆ ಸುರಿಯುವ ಕಾರ್ಖಾನೆಗಳ) ಸಂಘದ ಸುದ್ದಿ ಬಂದಾಗೆಲ್ಲ ಯಾರಾದರೊಬ್ಬರು ಹೀಗೆ ಹೇಳುತ್ತಾರೆ. ಇಲ್ಲೇ ಒಂದು ಸಣ್ಣ ಫೌಂಡ್ರಿಯಲ್ಲಿ ಕ್ವಾಲಿಟಿ ನೋಡಿಕೊಳ್ಳುವ ನನಗೆ ಈ ಮಾತು ಸರಿ ಅನ್ನಿಸುವುದಿಲ್ಲ. ದೊಡ್ಡ ಕಂಪನಿಗೆ ಸಂಘ ಇಲ್ಲದಿದ್ದರೂ ನಡೆಯುತ್ತದೆ. ಸಣ್ಣ ಶೆಡ್ಡಿಗೆ ನಡೆಯುವುದಿಲ್ಲ.

ಉಸುಕನ್ನೇ ತಗೊಳ್ಳಿ. ರೆಜಿನ್ ಅನ್ನುವ ಅಂಟು ಬೆರೆಸಿದ ಉಸುಕಿನಲ್ಲಿ ಅಚ್ಚು ಮಾಡಿ, ಕಬ್ಬಿಣ ಸುರಿದು, ಕಾಸ್ಟಿಂಗ್ ಹೊರಗೆ ತೆಗೆದ ಮೇಲೆ ಸುಟ್ಟು ಕಪ್ಪಾದ ಉಸುಕು ರಾಶಿ ರಾಶಿ ಉಳಿಯುತ್ತದೆ. ಸುಮ್ನೆ ಹಳ್ಳದ ಬದಿಗೆ ಸುರಿದರೆ ಕೆಳಗಿನ ಹೊಲ, ಬಾವಿಗಳ ಗತಿ ಏನು? ಮತ್ತೆ ಬಳಸಬೇಕೆಂದರೆ ಗಂಟು ಒಡೆದು, ಒಂದೊಂದು ಕಾಳಿಗೂ ಅಂಟಿದ ರೆಜಿನ್ ತೆಗೆದು, ಧೂಳು ಬೇರೆ ಮಾಡಬೇಕು, ಅಂಥ ಪ್ಲಾಂಟ್ ಹಾಕುವುದು ಒಬ್ಬ ಸಣ್ಣ ಮಾಲೀಕರ ಕೈಲಿ ಆಗುವ ಕೆಲಸವಲ್ಲ. ಫೌಂಡ್ರಿಯವರು ಒಟ್ಟಾಗಿ ಕಟ್ಟಿಕೊಂಡ ಬೆಳಗಾವಿ ಫೌಂಡ್ರಿ ಕ್ಲಸ್ಟರ್ ಮುಖ್ಯವಾಗುವುದು ಇಲ್ಲೇ. ಉಸುಕು ಮರುಬಳಕೆ, ಟೆಸ್ಟಿಂಗ್ ಲ್ಯಾಬ್, ಎಲ್ಲರಿಗೂ ಸೇರಿ ಒಂದು ಕಡೆ. ಇದರಿಂದ ಉಳಿಯುವುದು ಮಾಲೀಕರ ದುಡ್ಡಷ್ಟೇ ಅಲ್ಲ, ಊರಿನ ನೆಲವೂ ಉಳಿಯುತ್ತದೆ.

ಕರೆಂಟಿನದೂ ಹಾಗೇ. ಇಂಡಕ್ಷನ್ ಫರ್ನೆಸ್‌ನಲ್ಲಿ (ಕರೆಂಟಿನ ಕುಲುಮೆಯಲ್ಲಿ) ಒಂದು ಟನ್ ಕಬ್ಬಿಣ ಕರಗಿಸಲು ಸುಮಾರು 600 ಯೂನಿಟ್ ಬೇಕು. ಯೂನಿಟ್‌ಗೆ ಹತ್ತಿಪ್ಪತ್ತು ಪೈಸೆ ಏರಿದರೂ ತಿಂಗಳ ಕೊನೆಗೆ ಗೊತ್ತಾಗುತ್ತದೆ. 2003ರ ವಿದ್ಯುತ್ ಕಾಯ್ದೆ ಪ್ರಕಾರ ದರ ನಿಗದಿ ಮಾಡುವ ಮುಂಚೆ ವಿದ್ಯುತ್ ನಿಯಂತ್ರಣ ಆಯೋಗ ಜನರ ಆಕ್ಷೇಪಣೆ ನೋಡಲೇಬೇಕು. ಆದರೆ ನಮಗೆ ಕರೆಂಟು ಕೊಡುವ ಕಂಪನಿ ಹೆಸ್ಕಾಂನ ನೂರಾರು ಪುಟದ ದರದ ಅರ್ಜಿ ಓದಿ, ಲೆಕ್ಕ ಹಾಕಿ, ವಿಚಾರಣೆಗೆ ಹೋಗಿ ಮಾತಾಡಲು ಶೆಡ್ಡಿನಲ್ಲಿ ಯಾರಿಗೆ ಪುರುಸೊತ್ತಿದೆ? ಸಂಘವೇ ಮಾಡಬೇಕು.

ದೇಶದ ಫೌಂಡ್ರಿಯವರ ಸಂಘವಾದ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಫೌಂಡ್ರಿಮೆನ್ ಶುರುವಾದದ್ದು 1950ರಲ್ಲಿ, ಬೆಳಗಾವಿಯಲ್ಲೂ ಅದರ ಚಾಪ್ಟರ್ ಇದೆ. ಬ್ಲೋಹೋಲ್ (ಕಾಸ್ಟಿಂಗ್‌ನಲ್ಲಿ ಗಾಳಿ ಸಿಕ್ಕಿ ಆಗುವ ತೂತು) ಯಾಕೆ ಬರ್ತಿದೆ ಅಂತ ಎದುರಾಳಿ ಫೌಂಡ್ರಿಯವರೇ ಕೂತು ಬಿಡಿಸಿ ಹೇಳುವುದು ಇಂಥ ಸಂಘದ ವೇದಿಕೆಯಲ್ಲಿ ಮಾತ್ರ ಸಾಧ್ಯ.

ಇಷ್ಟೆಲ್ಲ ಮಾಡಬಲ್ಲ ಸಂಘಗಳು ಇನ್ನೊಂದು ಕೆಲಸ ಕೈಗೆತ್ತಿಕೊಳ್ಳಬೇಕು ಅನ್ನುವುದು ನನ್ನ ಆಸೆ. ಅದು ಮೋಲ್ಡರ್‌ಗಳ, ಅಂದರೆ ಉಸುಕಿನ ಅಚ್ಚು ಮಾಡುವ ಕೆಲಸಗಾರರ, ಎದೆಯ ತಪಾಸಣೆ. ಉಸುಕಿನ ಸಣ್ಣ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ರೋಗ ಬರುತ್ತದೆ, ಬಂದ ಮೇಲೆ ವಾಸಿಯಾಗುವುದಿಲ್ಲ. ಕಾನೂನಿನ ಪ್ರಕಾರ, ಕಂಡುಬಂದರೆ ವರದಿ ಮಾಡಲೇಬೇಕಾದ ರೋಗಗಳಲ್ಲಿ ಇದೂ ಒಂದು. ತೊಂದರೆ ಏನೆಂದರೆ, ಕಾಂಟ್ರಾಕ್ಟಿನ ಮೇಲೆ ಬರುವ ಮೋಲ್ಡರ್ ಈ ವರ್ಷ ನಮ್ಮಲ್ಲಿ, ಮುಂದಿನ ವರ್ಷ ಇನ್ನೊಂದು ಶೆಡ್ಡಿನಲ್ಲಿ. ಎಲ್ಲಿ ಎಷ್ಟು ವರ್ಷ ಧೂಳು ಕುಡಿದ ಅನ್ನುವ ಲೆಕ್ಕ ಯಾವ ಮಾಲೀಕರ ಹತ್ತಿರವೂ ಇರುವುದಿಲ್ಲ. ಸಂಘದ ಹತ್ತಿರ ಇರಬಹುದು, ಅಲ್ವಾ? ಒಬ್ಬರಿಗೆ ಒಂದು ಕಾರ್ಡ್, ಅದರಲ್ಲಿ ಕೆಲಸ ಮಾಡಿದ ಜಾಗ, ವರ್ಷಕ್ಕೊಮ್ಮೆ ಎಕ್ಸ್‌ರೇ ಮತ್ತು ಉಸಿರಿನ ಪರೀಕ್ಷೆಯ ವಿವರ. ಶೆಡ್ ಬದಲಾದರೂ ಕಾರ್ಡ್ ಅವರ ಜೊತೆಗೇ ಹೋಗಬೇಕು. ಖರ್ಚು ಎಲ್ಲರೂ ಹಂಚಿಕೊಂಡರೆ ಯಾರಿಗೂ ಜಾಸ್ತಿ ಭಾರವಾಗುವುದಿಲ್ಲ.

ಸಭೆಯಲ್ಲಿ ನನಗೆ ವೋಟಿಲ್ಲ, ವೋಟು ಮಾಲೀಕರದು. ನಮ್ಮ ಸಾಹೇಬರಿಗೆ ಇದನ್ನೆಲ್ಲ ಬರೆದು ಕೊಟ್ಟಿದ್ದೇನೆ. ನಿಮ್ಮದೂ ಫೌಂಡ್ರಿ ಇದ್ದರೆ ಮುಂದಿನ ವಾರ್ಷಿಕ ಸಭೆಯಲ್ಲಿ, ಸನ್ಮಾನ ಶುರುವಾಗುವ ಮುಂಚೆ, ಈ ವಿಷಯ ಎತ್ತಿ.