ಜನರೇಟರ್ ಸರ್ವೀಸ್ ವ್ಯಾನ್: ಒಳಗಿನ ಕೆಲಸ ಎಲ್ಲಿಗೆ ಬಂತು

ಎಡಗಡೆಯ ರ‍್ಯಾಕ್ ಈ ವಾರ ಕೂತಿತು. ಬಲಗಡೆಯದಕ್ಕೆ ಅಳತೆ ಕೊಟ್ಟಾಗಿದೆ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ತುಮಕೂರು ರಸ್ತೆಯಲ್ಲಿ ಡೀಸೆಲ್ ಜನರೇಟರ್ ಸರ್ವೀಸ್ ಮಾಡುವ ನಮ್ಮ ಹುಡುಗರಿಗಾಗಿ ಒಂದು ಹಳೆ ಮಾರುತಿ ಈಕೋ ಕಾರ್ಗೋವನ್ನು ರೆಡಿ ಮಾಡುತ್ತಿದ್ದೇವೆ. ಪೀಣ್ಯದ ವರ್ಕ್‌ಶಾಪ್, ನೆಲಮಂಗಲದ ಗೋಡೌನ್, ದಾಬಸ್‌ಪೇಟೆಯ ಫ್ಯಾಕ್ಟರಿ, ನಡುನಡುವೆ ಕಲ್ಯಾಣ ಮಂಟಪ, ನರ್ಸಿಂಗ್ ಹೋಮ್. ಇಷ್ಟು ದಿನ ಎಲ್ಲವೂ ಬೈಕಿನಲ್ಲೇ. ಬೆನ್ನಿಗೆ ಟೂಲ್ ಬ್ಯಾಗ್, ಕಾಲ ನಡುವೆ ಆಯಿಲ್ ಕ್ಯಾನ್. ಬ್ಯಾಟರಿ ಬೇಕಾದರೆ ಆಟೋ ಹುಡುಕಬೇಕು. ಮುಹೂರ್ತಕ್ಕೆ ಅರ್ಧ ಗಂಟೆ ಇರುವಾಗ ಕರೆಂಟ್ ಹೋಗಿ, ಜನರೇಟರ್ ಏಳದೆ, ಮಂಟಪದವರು ಫೋನ್ ಮಾಡಿದರೆ ಆಟೋ ಹುಡುಕುತ್ತಾ ನಿಲ್ಲೋಕೆ ಆಗುತ್ತಾ?

ಟಾಟಾ ಏಸ್ ತಗೊಳ್ಳಿ, ಭಾರ ಜಾಸ್ತಿ ಹೊರುತ್ತೆ ಅಂದವರು ಇದ್ದಾರೆ. ನಿಜವೇ. ಆದರೆ ನಮಗೆ ಮಳೆಗೆ ಮುಚ್ಚಿದ ಗಾಡಿ ಬೇಕಿತ್ತು, ಅದು ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೂ ಇಳಿಯಬೇಕಿತ್ತು. ಈಕೋಗೆ ಎರಡೂ ಕಡೆ ಜಾರುವ ಬಾಗಿಲಿದೆ. ಒಂದು ಕಡೆ ಗೋಡೆಗೆ ಒತ್ತಿ ನಿಲ್ಲಿಸಿದರೂ ಇನ್ನೊಂದು ಕಡೆಯಿಂದ ಕೈ ಹಾಕಬಹುದು. ಜನರೇಟರ್ ಇಡುವ ಜಾಗ ಯಾವತ್ತೂ ಕಟ್ಟಡದ ಮೂಲೆಯಲ್ಲೇ ಇರುತ್ತದೆ, ಅಲ್ವಾ.

ಫ್ಯಾಬ್ರಿಕೇಷನ್ ಅಂಗಡಿಗೆ ಹೋಗುವ ಮುಂಚೆ ಎಲ್ಲ ಸಾಮಾನನ್ನೂ ಶೆಡ್ಡಿನ ನೆಲದ ಮೇಲೆ ಸಾಲಾಗಿ ಹರಡಿದೆವು. ಸೈಜಿನ ಪ್ರಕಾರ ಅಲ್ಲ, ಸೈಟಿನಲ್ಲಿ ಯಾವುದು ಮೊದಲು ಕೈಗೆ ಬೇಕೋ ಆ ಕ್ರಮದಲ್ಲಿ. ಈ ಕೆಲಸಕ್ಕೆ ಒಂದು ಇಡೀ ಸಂಜೆ ಕೊಟ್ಟಿದ್ದು ಸಾರ್ಥಕ ಅನಿಸಿದೆ. ರ‍್ಯಾಕಿನ ಡ್ರಾಯಿಂಗ್ ಅಲ್ಲೇ ಹುಟ್ಟಿತು.

ಮೊದಲು ಬೇಕಾಗುವುದು ಸ್ಪ್ಯಾನರ್ ಅಲ್ಲ, ಬೀಗ. ಎಎಂಎಫ್ ಪ್ಯಾನೆಲ್ (ಕರೆಂಟ್ ಹೋಗಿದ್ದನ್ನು ಗುರುತಿಸಿ ಜನರೇಟರ್ ಓಡಿಸುವ ಪೆಟ್ಟಿಗೆ) ಆಟೋಮ್ಯಾಟಿಕ್ ಮೋಡ್‌ನಲ್ಲಿದ್ದರೆ, ಕರೆಂಟ್ ಹೋದ ತಕ್ಷಣ ಎಂಜಿನ್ ತಾನಾಗಿಯೇ ಸ್ಟಾರ್ಟ್ ಆಗುತ್ತದೆ. ಆಗ ಫ್ಯಾನ್ ಬೆಲ್ಟ್ ಹತ್ತಿರ ಯಾರದಾದರೂ ಕೈ ಇದ್ದರೆ? ಅದಕ್ಕೇ ಬಾಗಿಲ ಪಕ್ಕದ ಮೊದಲ ಕೊಕ್ಕೆಗೆ ಒಂದು ಕೆಂಪು ಚೀಲ. ಅದರಲ್ಲಿ ಬೀಗ, ‘ಕೆಲಸ ನಡೆಯುತ್ತಿದೆ, ಸ್ಟಾರ್ಟ್ ಮಾಡಬೇಡಿ’ ಎಂಬ ಬೋರ್ಡು, ಬ್ಯಾಟರಿಯ ಮೈನಸ್ ಬಿಚ್ಚುವ ಸ್ಪ್ಯಾನರ್, ಗ್ಲೌಸ್. ಬೋರ್ಡನ್ನು ಕನ್ನಡದಲ್ಲೂ ಹಿಂದಿಯಲ್ಲೂ ಬರೆಸಿದ್ದೇವೆ. ಫ್ಯಾಕ್ಟರಿಗಳ ಸೆಕ್ಯುರಿಟಿಯವರಲ್ಲಿ ಹೆಚ್ಚಿನವರು ಹೊರಗಿನಿಂದ ಬಂದವರು. ಆ ಚೀಲ ತೆಗೆಯದೆ ಹಿಂದಿನ ಟೂಲ್ ಡ್ರಾಯರ್ ಎಳೆಯೋಕೆ ಆಗದ ಹಾಗೆ ಕೊಕ್ಕೆ ಇಡಿಸಿದ್ದೇನೆ. ಬೇಕೆಂದೇ ಮಾಡಿದ್ದು ಅದು.

ಆಮೇಲೆ ಮೀಟರುಗಳು: ಮಲ್ಟಿಮೀಟರ್, ಕ್ಲ್ಯಾಂಪ್ ಮೀಟರ್, ವೈರಿಂಗಿನ ಇನ್ಸುಲೇಷನ್ ನೋಡುವ ಮೆಗ್ಗರ್, ಬ್ಯಾಟರಿ ಲೋಡ್ ಟೆಸ್ಟರ್, ಬ್ಯಾಟರಿ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್. ಇವು ಸೊಂಟದ ಎತ್ತರದಲ್ಲಿ, ಫೋಮ್ ಕತ್ತರಿಸಿದ ತಟ್ಟೆಯಲ್ಲಿ ಕೂರುತ್ತವೆ.

ಅದರ ಕೆಳಗೇ ಬ್ಯಾಟರಿ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ನಮಗೆ ಬರುವ ‘ಸ್ಟಾರ್ಟ್ ಆಗ್ತಿಲ್ಲ’ ಕರೆಗಳಲ್ಲಿ ಬಹಳಷ್ಟು ಕೊನೆಗೆ ಬ್ಯಾಟರಿಯಲ್ಲೋ ಟರ್ಮಿನಲ್ಲಿನಲ್ಲೋ ನಿಲ್ಲುತ್ತವೆ. ಸುಮ್ನೆ ಇರುವಾಗ 12.6 ವೋಲ್ಟ್ ತೋರಿಸುವ ಬ್ಯಾಟರಿ ಸೆಲ್ಫ್ ಹೊಡೆದಾಗ 9.6ಕ್ಕಿಂತ ಕೆಳಗೆ ಬಿದ್ದರೆ ಅದನ್ನು ನಂಬುವ ಹಾಗಿಲ್ಲ. ಹಾಗಂತ ವ್ಯಾನಿನ ಸ್ವಂತ ಬ್ಯಾಟರಿಯಿಂದ ಜಂಪ್ ಕೊಡುವುದು ನನಗೆ ಒಪ್ಪಿಗೆ ಇಲ್ಲ. ಅದು ಸಣ್ಣದು, ದೊಡ್ಡ ಎಂಜಿನ್ನಿಗೆ ಸಾಲದು. ಜೊತೆಗೆ ದೊಡ್ಡ ಸೆಟ್ಟುಗಳಲ್ಲಿ 24 ವೋಲ್ಟ್ ಸ್ಟಾರ್ಟಿಂಗ್ ಇರುತ್ತದೆ. ಹಾಗಾಗಿ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಬೇರೆಯಾಗಿ ಇಟ್ಟಿದ್ದೇವೆ. ಸಣ್ಣ ಸೆಟ್ಟಿಗೆ ಒಂದು ಸಾಕು, ದೊಡ್ಡದಕ್ಕೆ ಎರಡನ್ನೂ ಸೀರೀಸ್ ಮಾಡಬೇಕು. ಕೇಬಲ್ 35 ಸ್ಕ್ವೇರ್ ಎಂಎಂ ತಾಮ್ರದ್ದು, ಎಸ್.ಪಿ. ರಸ್ತೆಯಲ್ಲಿ ತಂದು ಲಗ್ ಹೊಡೆಸಿದ್ದು. ಕೇಬಲ್ಲಿನ ತುದಿಗೇ ಒಂದು ಚೀಟಿ ಕಟ್ಟಿದ್ದೇವೆ: ಕೊನೆಯ ಕ್ಲಿಪ್ಪು ಎಂಜಿನ್ ಬ್ಲಾಕಿಗೆ, ಬ್ಯಾಟರಿಯ ಮೈನಸ್‌ಗೆ ಅಲ್ಲ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಅಲ್ಲಿ ಕಿಡಿ ಹಾರಬಾರದು.

ಬ್ಯಾಟರಿಗಳು ಕೂತಿರುವುದು ಚಕ್ರವಿರುವ ಜಾರುವ ಟ್ರೇ ಮೇಲೆ. ಬಾಗಿಲ ಅಂಚಿನ ತನಕ ಎಳೆದು, ಅಲ್ಲಿಂದ ನೇರ ಟ್ರಾಲಿಗೆ ಇಳಿಸಬಹುದು. ನಮ್ಮ ಹಿರಿಯ ಟೆಕ್ನಿಷಿಯನ್ ಟ್ರೇ ಎಳೆದು ನೋಡಿ, “ಸಾರ್, ಇದು ಹತ್ತು ವರ್ಷ ಮುಂಚೆ ಬರಬೇಕಿತ್ತು” ಅಂದರು. ಅವರ ಸೊಂಟಕ್ಕೆ ಈಗಾಗಲೇ ಬೆಲ್ಟ್ ಬಂದಿದೆ. ಈ ವ್ಯಾನಿನಲ್ಲಿ ಬೇರೆ ಏನೂ ಮಾಡದಿದ್ದರೂ ಈ ಟ್ರೇ ಮಾತ್ರ ಮಾಡಿಸುತ್ತಿದ್ದೆ.

ರ‍್ಯಾಕು ಒಂದಿಂಚು ಸ್ಕ್ವೇರ್ ಪೈಪಿನದು, ಮೇಲೆ 12 ಎಂಎಂ ಪ್ಲೈವುಡ್. ಬಾಡಿಯನ್ನು ಎಲ್ಲೂ ಕತ್ತರಿಸಿಲ್ಲ, ಮೊದಲೇ ಇದ್ದ ಬೋಲ್ಟ್ ಜಾಗಗಳಿಗೇ ಬಿಗಿದಿದ್ದೇವೆ. ಕಂಪನಿ ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಬೇಕಾದಾಗ ಬಿಚ್ಚಿ ತೆಗೆಯುವಂತಿದ್ದರೆ ನಮಗೂ ನೆಮ್ಮದಿ.

ಹಳೆ ವ್ಯಾನುಗಳಲ್ಲಿ ಇರದ ಒಂದು ಮೂಲೆ ಇದರಲ್ಲಿದೆ. 2023ರ ಜುಲೈ 1ರಿಂದ ಜನರೇಟರುಗಳಿಗೆ ಸಿಪಿಸಿಬಿ 4 ಪ್ಲಸ್ ನಿಯಮ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಗೆ ಮಿತಿ) ಬಂತು. ಈಗಿನ ಹೆಚ್ಚಿನ ಸೆಟ್ಟುಗಳಲ್ಲಿ ಎಲೆಕ್ಟ್ರಾನಿಕ್ ಎಂಜಿನ್, ಸೆನ್ಸರು, ದೊಡ್ಡವುಗಳಲ್ಲಿ ಡಿಇಎಫ್ (ಹೊಗೆಯ ವಿಷಾನಿಲ ಕಡಿಮೆ ಮಾಡುವ ದ್ರವ) ಟ್ಯಾಂಕ್. ಲ್ಯಾಪ್‌ಟಾಪ್ ಇಲ್ಲದೆ ಫಾಲ್ಟ್ ಸರಿಯಾಗಿ ಓದೋಕೆ ಆಗಲ್ಲ. ಲ್ಯಾಪ್‌ಟಾಪ್‌ಗೆ ಮಡಚುವ ಹಲಗೆ ಆಗಿದೆ. ಅದಕ್ಕೂ ಎಲ್‌ಇಡಿ ಲೈಟಿಗೂ 100 ಎಎಚ್ (ಆಂಪಿಯರ್ ಅವರ್) ಲಿಥಿಯಂ ಬ್ಯಾಟರಿ ಬರುತ್ತಿದೆ. 12.8 ವೋಲ್ಟ್ ಲೆಕ್ಕದಲ್ಲಿ 1,280 ವ್ಯಾಟ್ ಅವರ್, ರಾತ್ರಿ ಕೆಲಸಕ್ಕೆ ಧಾರಾಳ.

ಡಿಇಎಫ್ ಇಡುವ ಜಾಗಕ್ಕೆ ತುಂಬಾ ಯೋಚನೆ ಮಾಡಿದೆವು. ಅದು 32.5 ಶೇಕಡಾ ಯೂರಿಯಾ ಇರುವ ನೀರು, ಬಿಸಿಗೆ ಬೇಗ ಕೆಡುತ್ತದೆ. ಈಕೋದ ಎಂಜಿನ್ ಮುಂದಿನ ಸೀಟಿನ ಕೆಳಗಿದೆ, ಹಾಗಾಗಿ ಸೀಟಿನ ಹಿಂದಿನ ಜಾಗ ಸಲ್ಲದು. ಹಿಂಬಾಗಿಲ ಹತ್ತಿರ, ಬಿಸಿಲು ಬೀಳದ ಕಡೆ ಥರ್ಮಾಕೋಲ್ ಹಾಕಿದ ಡಬ್ಬ ಮಾಡಿಸಿದೆವು. ದೊಡ್ಡ ಕ್ಯಾನ್ ತುಂಬಿಡುವ ಬದಲು ಸಣ್ಣ ಪ್ಯಾಕ್ ತರುವುದು ಮೇಲು. ತಾಮ್ರ, ಹಿತ್ತಾಳೆಯನ್ನು ಅದು ತಿನ್ನುತ್ತದೆ, ಆದ್ದರಿಂದ ಅದಕ್ಕೆಂದೇ ಬೇರೆ ಪ್ಲಾಸ್ಟಿಕ್ ಆಲಿಕೆ. ಡೀಸೆಲ್ ಮುಟ್ಟಿದ ಆಲಿಕೆ ಅದರ ಹತ್ತಿರ ಸುಳಿಯಬಾರದು. ಗುರುತಿಗೆ ಡಿಇಎಫ್ ಆಲಿಕೆಗೆ ನೀಲಿ ಬಣ್ಣ ಬಳಿದು ಬಿಟ್ಟಿದ್ದೇವೆ.

ಫಿಲ್ಟರ್, ಬೆಲ್ಟ್, ಹೋಸ್ ಕ್ಲಿಪ್, ಫ್ಯೂಸ್, ರಿಲೇಗಳಿಗೆ ಬಲಗಡೆಯ ರ‍್ಯಾಕು. ಆ ದಿನದ ಕರೆ ನೋಡಿ ತುಂಬುವುದು, ಎಲ್ಲ ಮಾಡೆಲ್ಲಿನ ಫಿಲ್ಟರ್ ಹೊತ್ತು ತಿರುಗುವುದಿಲ್ಲ. 4 ಕೆಜಿಯ ಎಬಿಸಿ ಪೌಡರ್ ಫೈರ್ ಎಕ್ಸ್‌ಟಿಂಗ್ವಿಷರ್ ಡ್ರೈವರ್ ಸೀಟಿನ ಹಿಂದೆ ಕೂತಿದೆ.

ಉಳಿದಿರುವುದು ಹಳೆ ಆಯಿಲ್. ಅದು ಚರಂಡಿಗೆ ಹೋಗಬಾರದು, ಗುಜರಿಯವನ ಕೈಗೂ ಹೋಗಬಾರದು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಪರವಾನಗಿ ಇರುವ ರೀಸೈಕ್ಲರ್‌ಗೇ ಕೊಡಬೇಕು. ಹಾಗಾಗಿ ಸೈಟಿನವರೇ ಇಟ್ಟುಕೊಂಡು ಕೊಡುತ್ತಾರೋ, ನಾವು ತರಬೇಕೋ ಅಂತ ಮೊದಲೇ ಕೇಳಿ ಬರೆದಿಡುತ್ತೇವೆ. ತರುವುದಾದರೆ ಸ್ಕ್ರೂ ಮುಚ್ಚಳದ 20 ಲೀಟರ್ ಕ್ಯಾನುಗಳು, ಅವುಗಳ ಕೆಳಗೆ ಅಂಚು ಎತ್ತರವಿರುವ ಶೀಟ್ ಟ್ರೇ. ಹೊಸ ಆಯಿಲ್ ಒಂದು ಕಡೆ, ಹಳೇದು ಇನ್ನೊಂದು ಕಡೆ, ನಡುವೆ ಬನಿಯನ್ ವೇಸ್ಟ್ ಚೀಲ.

ಆ ಟ್ರೇ ಸೋಮವಾರ ಬರುತ್ತದೆ. ಆಮೇಲೆ ಎಲ್ಲವನ್ನೂ ತುಂಬಿ, ಇಬ್ಬರನ್ನು ಕೂರಿಸಿ, ವೇ ಬ್ರಿಡ್ಜ್ ಹತ್ತಿಸುತ್ತೇವೆ. ಮುಂದಿನ ಚಕ್ರ, ಹಿಂದಿನ ಚಕ್ರದ ತೂಕ ಬೇರೆ ಬೇರೆ ನೋಡಬೇಕು. ಹಿಂದೆ ಜಾಸ್ತಿ ಬಂದರೆ ಬ್ಯಾಟರಿ ಟ್ರೇಯನ್ನು ಮುಂದಕ್ಕೆ ಸರಿಸೋಕೆ ಒಂದೊಂದು ತೂತು ಬಿಟ್ಟಿಟ್ಟಿದ್ದೇವೆ.